ಧಣಿ ಆಡಿದ ಮಾತು ಯಾರ ಸೊತ್ತು?

ಒಬ್ಬ ಧಣಿ ಹತ್ತು ಜನರ ಮುಂದೆ ನಿಂತು ಒಂದು ಒಳ್ಳೆಯ ಮಾತು ಆಡುತ್ತಾನೆ. ಆಡಿ ಮನೆಗೆ ಹೋಗುತ್ತಾನೆ. ಮನೆಯಲ್ಲಿ ಅವನ ಕಾಲಿಗೆ ನೀರು ಕೊಡೋದಕ್ಕೆ ಆಳು ಕಾದು ನಿಂತಿರುತ್ತಾನೆ. ಈಗ ಆ ಆಳಿನ ಮಕ್ಕಳು ಮೊಮ್ಮಕ್ಕಳು ಧಣಿಯ ಆ ಮಾತನ್ನು ಏನು ಮಾಡಬೇಕು? ತಲೆ ಮೇಲೆ ಹೊತ್ತು ಮೆರವಣಿಗೆ ಹೊರಡಬೇಕೋ, ಒಲೆಗೆ ಹಾಕಬೇಕೋ?

ಅಮೆರಿಕ ಎಂಬ ಗಣರಾಜ್ಯ ಹುಟ್ಟಿದ ಹೊತ್ತಿನಲ್ಲೇ ಈ ಪ್ರಶ್ನೆಯೂ ಹುಟ್ಟಿತು. ನಮ್ಮ ಗೆಳೆಯರಲ್ಲಿ ಇದಕ್ಕೆ ಎರಡು ಉತ್ತರ ಉಂಟು. ವಾಷಿಂಗ್ಟನ್, ಜೆಫರ್ಸನ್ ಹೆಸರು ಕೇಳಿದರೆ ಸಾಕು, ಕೆಲವರು ಕೈ ಮುಗೀತಾರೆ. ಪಠ್ಯಪುಸ್ತಕ ಅವರಿಗೆ ಅಷ್ಟೇ ಕಲಿಸಿದೆ. ಇನ್ನು ಕೆಲವರು, 'ಎಲ್ಲಾ ಬೊಗಳೆ ಬಿಡ್ರಿ, ಗುಲಾಮರನ್ನ ಇಟ್ಕೊಂಡೋರು ಸಮಾನತೆ ಬಗ್ಗೆ ಮಾತಾಡಿದ್ರೆ ಅದನ್ಯಾಕೆ ಕೇಳ್ಬೇಕು' ಅಂತ ಎದ್ದು ಹೋಗ್ತಾರೆ. ಎರಡನೆಯವರ ಸಿಟ್ಟು ನಮ್ಮದೂ ಹೌದು. ಆದರೆ ಸಿಟ್ಟು ಬಂದ ಮೇಲೂ ಲೆಕ್ಕ ಕೇಳುವುದು ಬಾಕಿ ಇರುತ್ತದೆ. ಆ ಲೆಕ್ಕವನ್ನು ಇಲ್ಲಿ ಬಿಚ್ಚೋಣ.

೧೭೭೬ರ ಜುಲೈ ೪ರಂದು ಫಿಲಡೆಲ್ಫಿಯಾ ಪಟ್ಟಣದಲ್ಲಿ ಹದಿಮೂರು ವಸಾಹತುಗಳ ಪ್ರತಿನಿಧಿಗಳು ಇಂಗ್ಲೆಂಡಿನ ದೊರೆಗೆ ನಿನ್ನ ಸಹವಾಸ ಸಾಕು ಎಂದು ಹೇಳಿ ಸ್ವಾತಂತ್ರ್ಯ ಘೋಷಣೆಯನ್ನು ಒಪ್ಪಿದರು. ಎಲ್ಲ ಮನುಷ್ಯರೂ ಸಮಾನರಾಗಿಯೇ ಹುಟ್ಟಿದವರು, ಬದುಕುವ, ಸ್ವತಂತ್ರವಾಗಿರುವ, ಸುಖವನ್ನು ಅರಸುವ ಹಕ್ಕನ್ನು ಅವರಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ ಎಂದು ಅದು ಸಾರಿತು. ಬರೆದವನು ಥಾಮಸ್ ಜೆಫರ್ಸನ್. ವರ್ಜೀನಿಯದ ಜಮೀನ್ದಾರ. ಆಗ ಮೂವತ್ತಮೂರರ ಪ್ರಾಯ. ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರಿಗೆ ಒಡೆಯನಾಗಿದ್ದವನು. ಆ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಅವನ ಚಾಕರಿಗೆ ಜೊತೆಗಿದ್ದವನು ರಾಬರ್ಟ್ ಹೆಮಿಂಗ್ಸ್ ಎಂಬ ಹದಿನಾಲ್ಕರ ಗುಲಾಮ ಹುಡುಗ. ಈ ಹುಡುಗನಿಗೂ ಜೆಫರ್ಸನ್ನನ ಹೆಂಡತಿಗೂ ಅಪ್ಪ ಒಬ್ಬನೇ ಎಂದು ಇತಿಹಾಸಕಾರರು ಹೇಳುತ್ತಾರೆ. ಅಂದರೆ ಹೆಂಡತಿಯ ತಮ್ಮ! ಸಮಾನತೆಯ ಮಾತು ಬರೆಯುವ ಕೈಗೆ ಚಾಕರಿ ಮಾಡಿದ ಕೈ ಅದು.

ಘೋಷಣೆಯ ಮೊದಲ ಕರಡಿನಲ್ಲಿ ಜೆಫರ್ಸನ್ ಗುಲಾಮರ ವ್ಯಾಪಾರವನ್ನು ಬೈದು ಅದರ ಪಾಪವನ್ನೆಲ್ಲ ಇಂಗ್ಲೆಂಡಿನ ದೊರೆಯ ತಲೆಗೆ ಕಟ್ಟಿದ್ದ. ಪ್ರತಿನಿಧಿಗಳು ಆ ಭಾಗವನ್ನೇ ಹೊಡೆದು ಹಾಕಿದರು. ದಕ್ಷಿಣ ಕೆರೊಲಿನಾ, ಜಾರ್ಜಿಯಾದವರಿಗೆ ಅದು ಬೇಡವಾಗಿತ್ತು, ಆ ವ್ಯಾಪಾರದಲ್ಲಿ ಹಡಗು ಓಡಿಸಿ ದುಡ್ಡು ಮಾಡಿದ ಉತ್ತರದ ಕೆಲವರಿಗೂ ಮುಜುಗರವಾಗಿತ್ತು ಎಂದು ಜೆಫರ್ಸನ್ನನೇ ಮುಂದೆ ಬರೆದಿಟ್ಟ. ಅದೇ ಕಾಗದದಲ್ಲಿ ಆ ನೆಲದ ಮೂಲನಿವಾಸಿಗಳನ್ನು ಕರುಣೆಯಿಲ್ಲದ ಕಾಡುಜನ ಎಂದು ಕರೆದದ್ದು ಮಾತ್ರ ಹಾಗೇ ಉಳಿಯಿತು. ಹೆಂಗಸರ ಮಾತು ಬರಲೇ ಇಲ್ಲ.

ಇಲ್ಲಿ ಪಂಡಿತರು ಒಂದು ಮಾತು ಎತ್ತುತ್ತಾರೆ: 'ಆ ಕಾಲದ ಧರ್ಮ ಹಾಗಿತ್ತು, ಇವತ್ತಿನ ತಕ್ಕಡಿಯಲ್ಲಿ ಅವರನ್ನು ತೂಗಬೇಡಿ.' ಸರಿ, ಆ ಕಾಲದ ತಕ್ಕಡಿಯಲ್ಲೇ ತೂಗೋಣ. ಆದರೆ ಆ ಕಾಲ ಅಂದರೆ ಯಾರು? ಧಣಿಗಳು ಮಾತ್ರವೇ? ಗುಲಾಮನೂ ಅದೇ ಕಾಲದಲ್ಲೇ ಉಸಿರಾಡುತ್ತಿದ್ದ. ಘೋಷಣೆಯಾಗಿ ಆರು ತಿಂಗಳಾಗಿತ್ತಷ್ಟೆ. ೧೭೭೭ರ ಜನವರಿಯಲ್ಲಿ ಪ್ರಿನ್ಸ್ ಹಾಲ್ ಎಂಬ ಕಪ್ಪು ಮನುಷ್ಯ ಮತ್ತವನ ಸಂಗಡಿಗರು ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಕೊಟ್ಟರು. ಇಂಗ್ಲೆಂಡಿನ ವಿರುದ್ಧ ನೀವು ಹೂಡುತ್ತಿರುವ ವಾದವೆಲ್ಲ ನಮ್ಮ ಪರವಾಗಿ ಇನ್ನೂ ಬಲವಾಗಿ ನಿಲ್ಲುತ್ತದೆ, ಇದು ನಿಮಗೆ ಹೊಳೆಯದೇ ಹೋದದ್ದು ನಮಗೆ ಅಚ್ಚರಿ ಎಂಬುದು ಅರ್ಜಿಯ ತಿರುಳು. ಹಾಗಾದರೆ ಗುಲಾಮಗಿರಿ ತಪ್ಪು ಎಂದು ಆ ಕಾಲಕ್ಕೆ ಚೆನ್ನಾಗಿ ಗೊತ್ತಿತ್ತು. ಬೆನ್ನ ಮೇಲೆ ಬಾಸುಂಡೆ ಇದ್ದವನಿಗೆ ತಿಳಿಯಲು ಇನ್ನೂರು ವರ್ಷ ಬೇಕಾಗಲಿಲ್ಲ.

ಧಣಿಗಳಿಗೂ ಗೊತ್ತಿತ್ತು. ಅದಕ್ಕೆ ಸಾಕ್ಷಿ ೧೭೮೭ರ ಸಂವಿಧಾನವೇ.

ಆ ವರ್ಷ ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಅದೇ ಫಿಲಡೆಲ್ಫಿಯಾದಲ್ಲಿ ೫೫ ಪ್ರತಿನಿಧಿಗಳು ಬಾಗಿಲು ಹಾಕಿಕೊಂಡು ಸಂವಿಧಾನ ಬರೆದರು. ಹತ್ತಿರ ಹತ್ತಿರ ಅರ್ಧದಷ್ಟು ಜನ ಗುಲಾಮರ ಒಡೆಯರು. ಅವರು ಬರೆದ ಸಂವಿಧಾನದಲ್ಲಿ ಗುಲಾಮರ ಬಗ್ಗೆ ಮೂರು ಮುಖ್ಯ ಕಟ್ಟಳೆಗಳಿವೆ. ಗುಲಾಮ ಎಂಬ ಪದ ಮಾತ್ರ ಎಲ್ಲೂ ಇಲ್ಲ! ಒಂದು ಕಡೆ 'ಇತರ ವ್ಯಕ್ತಿಗಳು' ಎಂದಿದೆ. ಇನ್ನೊಂದು ಕಡೆ 'ಇಂಥ ವ್ಯಕ್ತಿಗಳು' ಎಂದಿದೆ. ಮಗದೊಂದು ಕಡೆ 'ದುಡಿಮೆಗೆ ಕಟ್ಟುಬಿದ್ದವರು' ಎಂದಿದೆ. ಮನುಷ್ಯರಲ್ಲಿ ಸೊತ್ತಿನ ಹಕ್ಕು ಇರಬಹುದು ಎಂಬ ಭಾವನೆಯನ್ನು ಸಂವಿಧಾನದಲ್ಲಿ ಒಪ್ಪಿಕೊಳ್ಳುವುದು ತಪ್ಪು ಎಂದು ಜೇಮ್ಸ್ ಮ್ಯಾಡಿಸನ್ ಸಭೆಯಲ್ಲಿ ಹೇಳಿದ್ದನ್ನು ಅವನೇ ಟಿಪ್ಪಣಿ ಮಾಡಿಟ್ಟಿದ್ದಾನೆ. ಮ್ಯಾಡಿಸನ್ ಕೂಡ ಗುಲಾಮರ ಒಡೆಯ. ಮಾಡುವ ಕೆಲಸಕ್ಕೆ ನಾಚಿಕೆಯಿಲ್ಲ, ಹೆಸರಿಗೆ ನಾಚಿಕೆ. ತಪ್ಪೆಂದು ಗೊತ್ತಿಲ್ಲದವನು ಬಚ್ಚಿಡುವುದಿಲ್ಲ ಸ್ವಾಮಿ.

ಮೂರು ಕಟ್ಟಳೆಗಳಲ್ಲಿ ಮೊದಲನೆಯದು ಐದರಲ್ಲಿ ಮೂರರ ಲೆಕ್ಕ. ಇದನ್ನು ನಮ್ಮಲ್ಲಿ ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಕರಿಯನನ್ನು ಮುಕ್ಕಾಲು ಮನುಷ್ಯನೂ ಅಲ್ಲ ಎಂದು ಅಳೆದರು, ಪೂರ್ತಿ ಎಣಿಸಿದ್ದರೆ ನ್ಯಾಯವಾಗುತ್ತಿತ್ತು ಎಂದುಕೊಳ್ಳುತ್ತಾರೆ. ನಿಜ ಇದಕ್ಕಿಂತ ಕ್ರೂರ. ಯಾವ ರಾಜ್ಯಕ್ಕೆ ಕೆಳಮನೆಯಲ್ಲಿ ಎಷ್ಟು ಸ್ಥಾನ ಎಂಬುದು ಜನಸಂಖ್ಯೆಯ ಮೇಲೆ ನಿಂತಿತ್ತು. ಗುಲಾಮರನ್ನು ಪೂರ್ತಿ ತಲೆಯಾಗಿ ಎಣಿಸಿ ಎಂದು ಪಟ್ಟು ಹಿಡಿದವರು ದಕ್ಷಿಣದ ಧಣಿಗಳು. ನಿಮ್ಮ ಸೊತ್ತಿಗೆ ಪ್ರಾತಿನಿಧ್ಯ ಯಾಕೆ, ಎಣಿಸಲೇಬೇಡಿ ಎಂದವರು ಉತ್ತರದವರು. ಕೊನೆಗೆ ಐವರು ಗುಲಾಮರಿದ್ದರೆ ಮೂವರೆಂದು ಎಣಿಸಿ ಎಂದು ರಾಜಿಯಾಯಿತು. ಗುಲಾಮನಿಗೆ ಓಟು ಇಲ್ಲ. ಅವನ ತಲೆಯ ಲೆಕ್ಕದಲ್ಲಿ ಅವನ ಧಣಿಗೆ ಅಧಿಕಾರ ಹೆಚ್ಚು. ಯಾರ ಬೆನ್ನಿನ ಮೇಲೆ ಚಾಟಿ ಬೀಳುತ್ತಿತ್ತೋ ಅವನ ತಲೆಯೇ ಚಾಟಿ ಹಿಡಿದವನ ಬಲವಾಯಿತು.

ಇದು ಬರೀ ಕಾಗದದ ಮಾತಾಗಿ ಉಳಿಯಲಿಲ್ಲ. ಅಧ್ಯಕ್ಷನನ್ನು ಆರಿಸುವ ಮತಗಳಿಗೂ ಇದೇ ಲೆಕ್ಕ. ೧೮೦೦ರ ಚುನಾವಣೆಯಲ್ಲಿ ಜೆಫರ್ಸನ್ನನಿಗೆ ೭೩ ಮತ, ಜಾನ್ ಆಡಮ್ಸನಿಗೆ ೬೫. ಗುಲಾಮರ ತಲೆಯೆಣಿಕೆಯಿಂದ ಬಂದ ಹೆಚ್ಚುವರಿ ಮತಗಳನ್ನು ಕಳೆದರೆ ಜೆಫರ್ಸನ್ ಗೆಲ್ಲುತ್ತಿರಲಿಲ್ಲ ಎಂದು ಹಲವು ಇತಿಹಾಸಕಾರರು ಲೆಕ್ಕ ಹಾಕಿ ತೋರಿಸಿದ್ದಾರೆ. ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ವರ್ಜೀನಿಯದ ಗುಲಾಮರ ಒಡೆಯರು. ೧೭೮೯ರಿಂದ ೧೮೨೫ರ ತನಕದ ಮೂವತ್ತಾರು ವರ್ಷದಲ್ಲಿ ಮೂವತ್ತೆರಡು ವರ್ಷ ಅವರದೇ ಆಳ್ವಿಕೆ.

ಎರಡನೆಯ ಕಟ್ಟಳೆ: ೧೮೦೮ರ ತನಕ ಗುಲಾಮರನ್ನು ಹೊರಗಿನಿಂದ ತರುವುದನ್ನು ಕಾಂಗ್ರೆಸ್ಸು ನಿಷೇಧಿಸಬಾರದು. ಮೂರನೆಯದು: ಓಡಿ ಹೋದ ಗುಲಾಮ ಯಾವ ರಾಜ್ಯದಲ್ಲಿ ಸಿಕ್ಕರೂ ಧಣಿಗೆ ಹಿಂದಕ್ಕೆ ಒಪ್ಪಿಸಬೇಕು. ೧೭೯೧ರಲ್ಲಿ ಮಾತಿನ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ ಮುಂತಾದ ಹಕ್ಕುಗಳ ಹತ್ತು ತಿದ್ದುಪಡಿಗಳು ಬಂದವು. ಲೋಕವೆಲ್ಲ ಹೊಗಳಿತು. ಎರಡೇ ವರ್ಷಕ್ಕೆ, ೧೭೯೩ರಲ್ಲಿ, ಓಡಿ ಹೋದ ಗುಲಾಮರನ್ನು ಹಿಡಿಯುವ ಕಾನೂನೂ ಬಂತು. ಎರಡೂ ಒಂದೇ ಗಣರಾಜ್ಯದ ಕಾನೂನು ಪುಸ್ತಕದಲ್ಲಿ ಅಕ್ಕಪಕ್ಕ ಕೂತವು.

ಈ ರಾಜಿಯನ್ನು ಸಮರ್ಥಿಸುವವರು ಹೇಳೋದು ಹೀಗೆ: ದಕ್ಷಿಣದ ರಾಜ್ಯಗಳು ಎದ್ದು ಹೋಗ್ತೀವಿ ಅಂತ ಹೆದರಿಸಿದವು, ರಾಜಿ ಮಾಡದಿದ್ದರೆ ದೇಶವೇ ಒಂದಾಗುತ್ತಿರಲಿಲ್ಲ. ಮೊದಲು ಒಕ್ಕೂಟ, ಆಮೇಲೆ ನ್ಯಾಯ. ಈ 'ಆಮೇಲೆ' ಎಂಬ ಪದ ನಮ್ಮ ಜನ ಬಹಳ ಕೇಳಿದ ಪದ. ಅದನ್ನು ಸ್ವಲ್ಪ ಒರೆಗೆ ಹಚ್ಚಬೇಕು.

ರಾಜಿ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಕೂಡಿ ಬಾಳಬೇಕಾದವರು ರಾಜಿ ಮಾಡಿಕೊಳ್ಳಲೇಬೇಕು. ಆದರೆ ರಾಜಿ ಎಂದರೇನು? ಇಬ್ಬರೂ ತಮ್ಮ ತಮ್ಮದರಲ್ಲಿ ಅಷ್ಟಷ್ಟು ಬಿಟ್ಟುಕೊಡುವುದು ರಾಜಿ. ಇಬ್ಬರು ಕೂತು ಹೊರಗೆ ನಿಂತ ಮೂರನೆಯವನದನ್ನು ಬಿಟ್ಟುಕೊಟ್ಟರೆ ಅದಕ್ಕೆ ರಾಜಿ ಎನ್ನುವುದು ಹೇಗೆ? ೧೭೮೭ರಲ್ಲಿ ಉತ್ತರದವನು ಬಿಟ್ಟುಕೊಟ್ಟದ್ದು ತನ್ನ ಗದ್ದೆಯನ್ನಲ್ಲ, ತನ್ನ ಮಗುವನ್ನಲ್ಲ. ದಕ್ಷಿಣದವನೂ ಅಷ್ಟೆ. ಬಿಟ್ಟುಕೊಟ್ಟದ್ದು ಕಪ್ಪು ಹೆಣ್ಣಿನ ಮಗುವನ್ನು. ಆ ಹೆಣ್ಣು ಆ ಕೋಣೆಯಲ್ಲಿ ಇರಲಿಲ್ಲ. ಇದ್ದರೂ ಬೀಸಣಿಗೆ ಬೀಸುತ್ತಾ ನಿಂತಿರಬೇಕಾಗಿತ್ತು.

'ಆಮೇಲೆ' ಏನಾಯಿತು ಅಂತಲೂ ನೋಡಿ. ಗುಲಾಮಗಿರಿ ಕ್ರಮೇಣ ತಾನೇ ಸತ್ತು ಹೋಗುತ್ತದೆ ಎಂದು ಅಂದು ಹಲವರು ನಂಬಿಸಿದರು. ೧೭೯೦ರ ಮೊದಲ ಜನಗಣತಿಯಲ್ಲಿ ಒಟ್ಟು ಜನ ಸುಮಾರು ೩೯ ಲಕ್ಷ, ಅದರಲ್ಲಿ ಗುಲಾಮರು ಸುಮಾರು ೭ ಲಕ್ಷ. ೧೭೯೩ರಲ್ಲಿ ಹತ್ತಿ ಬೀಜ ಬಿಡಿಸುವ ಯಂತ್ರ ಬಂತು. ಹತ್ತಿಯ ಲಾಭ ಏರಿತು. ೧೮೦೮ರಲ್ಲಿ ಹೊರಗಿಂದ ತರುವುದಕ್ಕೆ ಕಾನೂನಿನ ತಡೆಯೇನೋ ಬಿತ್ತು. ಒಳಗಿನ ಸಂತೆ ಬೆಳೆಯಿತು. ವರ್ಜೀನಿಯ, ಮೇರಿಲ್ಯಾಂಡ್ ಕಡೆಯಿಂದ ಕೆಳಗಿನ ಹತ್ತಿ ಸೀಮೆಗೆ ಸುಮಾರು ೧೦ ಲಕ್ಷ ಗುಲಾಮರನ್ನು ಸಾಗಿಸಿದರು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಹಾಲು ಕುಡಿಯುವ ಮಗು ಮತ್ತೊಂದು ಕಡೆ. ೧೮೨೦ರಲ್ಲಿ ಮಿಸ್ಸೂರಿ ರಾಜ್ಯದ ವಿಷಯಕ್ಕೆ ಜಗಳ ಬಂದಾಗ ಭೂಪಟದ ಮೇಲೆ ಒಂದು ಗೆರೆ ಎಳೆದರು. ಮಿಸ್ಸೂರಿಯನ್ನು ಬಿಟ್ಟು ಗೆರೆಯ ಮೇಲಿನ ಹೊಸ ಸೀಮೆಯಲ್ಲಿ ಗುಲಾಮಗಿರಿ ಬೇಡ, ಕೆಳಗೆ ಇರಲಿ. ಮತ್ತೆ ರಾಜಿ. ೧೮೬೦ರ ಹೊತ್ತಿಗೆ ಗುಲಾಮರು ಸುಮಾರು ೪೦ ಲಕ್ಷ. ತಾನಾಗಿ ಸಾಯಬೇಕಾದ್ದು ಆರು ಪಟ್ಟಿಗೆ ಹತ್ತಿರ ಬೆಳೆದಿತ್ತು. ಯಾವ ಅನ್ಯಾಯ ಲಾಭ ತರುತ್ತದೋ ಅದು ಮುಪ್ಪಿನಿಂದ ಸಾಯುವುದಿಲ್ಲ.

ಹಾಗಾದರೆ ಒಲೆಗೇ ಹಾಕೋಣವೇ ಆ ಘೋಷಣೆಯನ್ನು?

ತಡೀರಿ. ಇಲ್ಲೊಬ್ಬ ಹೆಣ್ಣುಮಗಳ ವಿಚಾರ ಕೇಳಿ. ಹೆಸರು ಬೆಟ್. ಮ್ಯಾಸಚೂಸೆಟ್ಸಿನ ಶೆಫೀಲ್ಡ್ ಊರಿನಲ್ಲಿ ಜಾನ್ ಆಶ್ಲಿ ಎಂಬ ದೊಡ್ಡ ಕುಳದ ಮನೆಯ ಗುಲಾಮಳು. ಓದು ಬರಹ ಬಾರದು. ೧೭೭೩ರಲ್ಲಿ ಊರಿನ ಪ್ರಮುಖರು ಅದೇ ಮನೆಯಲ್ಲಿ ಕೂತು ಇಂಗ್ಲೆಂಡಿನ ವಿರುದ್ಧ ಒಂದು ಠರಾವು ಬರೆದಿದ್ದರು. ಮನುಷ್ಯರೆಲ್ಲ ಸಮಾನರು, ಸ್ವತಂತ್ರರು ಎಂದು ಅದರಲ್ಲಿತ್ತು. ೧೭೮೦ರಲ್ಲಿ ಆ ರಾಜ್ಯದ ಸಂವಿಧಾನವೂ ಅದೇ ಮಾತು ಹೇಳಿತು. ಬೆಟ್ ಈ ಮಾತುಗಳನ್ನು ಕಿವಿಯಿಂದ ಕೇಳಿದಳು. ಒಂದು ದಿನ ಮನೆಯೊಡತಿ ಕಾದ ಸಲಿಕೆಯಿಂದ ಇನ್ನೊಬ್ಬ ಹುಡುಗಿಗೆ ಹೊಡೆಯಲು ಹೋದಾಗ ಬೆಟ್ ತೋಳು ಅಡ್ಡ ಕೊಟ್ಟಳು. ಆ ಗಾಯದ ಗುರುತು ಸಾಯುವ ತನಕ ಇತ್ತು. ಅವಳು ವಕೀಲನ ಹತ್ತಿರ ಹೋದಳು. ಎಲ್ಲರೂ ಸಮಾನರು ಅಂತ ಕಾನೂನು ಹೇಳುತ್ತಂತಲ್ಲ, ನಾನೂ ಅದರೊಳಗೆ ಬರ್ತೀನಲ್ಲ, ಎಂಬುದೇ ಅವಳ ವಾದ. ಆ ವಕೀಲ ಥಿಯೋಡೋರ್ ಸೆಡ್ಜ್‌ವಿಕ್. ೧೭೭೩ರ ಠರಾವು ಬರೆಯುವುದರಲ್ಲಿ ಅವನ ಕೈಯೂ ಇತ್ತು. ಬರೆದವನನ್ನೇ ಎದುರಿಗೆ ನಿಲ್ಲಿಸಿ, ಬರೆದದ್ದನ್ನು ನಿಜ ಮಾಡು ಅಂದಳು. ೧೭೮೧ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಊರಿನ ಕೋರ್ಟು ಅವಳನ್ನೂ ಬ್ರಾಮ್ ಎಂಬ ಇನ್ನೊಬ್ಬನನ್ನೂ ಸ್ವತಂತ್ರರೆಂದು ಸಾರಿ ಮೂವತ್ತು ಷಿಲಿಂಗ್ ಪರಿಹಾರ ಕೊಡಿಸಿತು. ಅವಳು ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡಳು. ಕೂಲಿ ಪಡೆದು ದುಡಿದಳು. ೧೭೮೩ರಲ್ಲಿ ಕ್ವಾಕ್ ವಾಕರ್ ಎಂಬಾತನ ಮೊಕದ್ದಮೆಯೂ ಅದೇ ದಾರಿ ಹಿಡಿಯಿತು. ೧೭೯೦ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸಿನ ಎದುರು ಗುಲಾಮರ ಕಾಲಂ ಖಾಲಿ.

ನಮ್ಮ ಪ್ರಶ್ನೆಗೆ ಬೆಟ್ ಕೊಟ್ಟ ಉತ್ತರವನ್ನು ಯಾವ ಪಂಡಿತನೂ ಕೊಟ್ಟಿಲ್ಲ. ಗುಟ್ಟಾಗಿ ಆಡಿದ ಮಾತು ಆಡಿದವನದು. ಹತ್ತು ಜನರ ಮುಂದೆ, ಎಲ್ಲರ ಹೆಸರಿನಲ್ಲಿ ಆಡಿದ ಮಾತು ಕೇಳಿದವರದು. ಪಂಚಾಯಿತಿಯಲ್ಲಿ ಆಡಿದ ಮಾತನ್ನು ಮನೆಗೆ ಹೋಗಿ, ನಾನು ನಮ್ಮವರಿಗಷ್ಟೇ ಅಂದದ್ದು ಎಂದರೆ ಯಾವ ಊರಿನವರು ಒಪ್ಪುತ್ತಾರೆ? 'ಎಲ್ಲರೂ' ಎಂದು ಬಾಯಿ ಬಿಟ್ಟ ಮೇಲೆ ಆ ಮಾತಿನ ಬಾಗಿಲು ತೆರೆಯಿತು. ಒಳಗೆ ಯಾರು ಬರಬೇಕು ಎಂದು ತೀರ್ಮಾನಿಸುವ ಅಧಿಕಾರ ಆಡಿದವನ ಕೈ ತಪ್ಪಿತು. ಬೀಜ ಧಣಿಯ ಕಣಜದ್ದೇ ಇರಬಹುದು. ಉತ್ತು ಬಿತ್ತಿ ಬೆಳೆದವರ ಪಾಲು ಅದರಲ್ಲಿದೆ.

ಆದರೆ ಇಷ್ಟಕ್ಕೇ ಸಮಾಧಾನಪಟ್ಟರೆ ಮೋಸ ಹೋಗ್ತೀವಿ. ಮಾತು ಎಲ್ಲರದಾದ ಮಾತ್ರಕ್ಕೆ ಅದರ ಬಲ ಎಲ್ಲರಿಗೂ ಸಿಗುವುದಿಲ್ಲ. ೧೭೯೧ರಲ್ಲಿ ಬೆಂಜಮಿನ್ ಬ್ಯಾನಕರ್ ಎಂಬ ಸ್ವತಂತ್ರ ಕಪ್ಪು ಗಣಿತಜ್ಞ ತಾನೇ ಲೆಕ್ಕ ಹಾಕಿದ ಪಂಚಾಂಗವನ್ನು ಜೆಫರ್ಸನ್ನನಿಗೆ ಕಳಿಸಿ, ನೀನೇ ಬರೆದ ಸಮಾನತೆಯ ಮಾತನ್ನು ನೆನಪಿಸಿ, ನನ್ನ ಜನರನ್ನು ಹೇಗೆ ಹಿಡಿದಿಟ್ಟಿದ್ದೀಯ ಎಂದು ಕೇಳಿದ. ಜೆಫರ್ಸನ್ನನ ಉತ್ತರ ಮರ್ಯಾದೆಯಿಂದ ಕೂಡಿತ್ತು. ಗುಲಾಮರು ಗುಲಾಮರಾಗೇ ಉಳಿದರು.

೧೭೯೬ರಲ್ಲಿ ಅಧ್ಯಕ್ಷ ವಾಷಿಂಗ್ಟನ್ನನ ಮನೆ ಫಿಲಡೆಲ್ಫಿಯಾದಲ್ಲಿತ್ತು. ಆ ರಾಜ್ಯದ ಕಾನೂನಿನ ಪ್ರಕಾರ ಆರು ತಿಂಗಳು ಅಲ್ಲೇ ನೆಲೆಸಿದ ಗುಲಾಮ ಬಿಡುಗಡೆ ಕೇಳಬಹುದಿತ್ತು. ಆರು ತಿಂಗಳು ತುಂಬದಂತೆ ವಾಷಿಂಗ್ಟನ್ ತನ್ನ ಗುಲಾಮರನ್ನು ಆಗಾಗ ರಾಜ್ಯದ ಹೊರಗೆ ಕಳಿಸಿ ಕರೆಸುತ್ತಿದ್ದ. ಓನಾ ಜಡ್ಜ್ ಎಂಬ ಹೆಣ್ಣು, ತನ್ನನ್ನು ಒಡತಿಯ ಮೊಮ್ಮಗಳಿಗೆ ಉಡುಗೊರೆ ಕೊಡುತ್ತಾರೆಂದು ತಿಳಿದು, ಮನೆಯವರು ಊಟಕ್ಕೆ ಕೂತಿದ್ದಾಗ ನಡೆದುಬಿಟ್ಟಳು. ಹಡಗು ಹತ್ತಿ ನ್ಯೂ ಹ್ಯಾಂಪ್‌ಷೈರ್ ಸೇರಿದಳು. ರಾಷ್ಟ್ರಪಿತ ಅವಳನ್ನು ಹಿಡಿದು ತರಿಸಲು ಪ್ರಯತ್ನಪಟ್ಟ. ಸಿಗಲಿಲ್ಲ. ೧೮೪೮ರಲ್ಲಿ ಸಾಯುವ ತನಕ ಕಾನೂನಿನ ಲೆಕ್ಕದಲ್ಲಿ ಅವಳು ಓಡಿ ಬಂದ ಸೊತ್ತು. ಬಡತನದಲ್ಲಿ ಬದುಕಿದಳು. ಬಂದದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂದು ಮುಪ್ಪಿನಲ್ಲೂ ಹೇಳಿದಳು.

೧೮೦೦ರಲ್ಲಿ ವರ್ಜೀನಿಯದ ರಿಚ್‌ಮಂಡ್ ಬಳಿ ಗೇಬ್ರಿಯಲ್ ಎಂಬ ಗುಲಾಮ ಕಮ್ಮಾರ ದಂಗೆಗೆ ಜನ ಕೂಡಿಸಿದ. ದೊಡ್ಡ ಮಳೆ ಬಂತು, ಒಳಗಿನವರೇ ಸುಳಿವು ಕೊಟ್ಟರು. ಗೇಬ್ರಿಯಲ್‌ನೂ ಸೇರಿ ಸುಮಾರು ೨೬ ಜನರನ್ನು ನೇಣಿಗೆ ಹಾಕಿದರು. ಸಾವು ಅಥವಾ ಸ್ವಾತಂತ್ರ್ಯ ಎಂದು ಬಾವುಟದ ಮೇಲೆ ಬರೆಸುವ ಯೋಚನೆ ಅವರದಾಗಿತ್ತು. ಕಾಲು ಶತಮಾನದ ಹಿಂದೆ ಅದೇ ವರ್ಜೀನಿಯದ ಪ್ಯಾಟ್ರಿಕ್ ಹೆನ್ರಿ ಅದೇ ಮಾತು ಆಡಿದ್ದನೆಂದು ಶಾಲೆಯ ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಹೆನ್ರಿಯೂ ಗುಲಾಮರ ಒಡೆಯ. ಒಂದೇ ಮಾತು: ಧಣಿ ಆಡಿದರೆ ದೇಶಪ್ರೇಮ, ಕಮ್ಮಾರ ಆಡಿದರೆ ನೇಣು. ಹೈಟಿಯ ಕರಿಯರು ಆ ಮಾತನ್ನು ನಡೆಸಿ ತೋರಿಸಿ ೧೮೦೪ರಲ್ಲಿ ಸ್ವತಂತ್ರರಾದಾಗ ಜೆಫರ್ಸನ್ನನ ಅಮೆರಿಕ ೧೮೦೬ರಲ್ಲಿ ಅವರೊಡನೆ ವ್ಯಾಪಾರ ನಿಲ್ಲಿಸಿತು. ಆ ದೇಶಕ್ಕೆ ಮಾನ್ಯತೆ ಕೊಟ್ಟದ್ದು ೧೮೬೨ರಲ್ಲಿ.

ಹೀಗಾಗಿ ಸುಡಬೇಕೋ ಉಳಿಸಿಕೊಳ್ಳಬೇಕೋ ಎಂಬ ಜಗಳ ಅಲ್ಲಿಯ ಹೋರಾಟಗಾರರಲ್ಲೇ ಬಂತು. ವಿಲಿಯಂ ಲಾಯ್ಡ್ ಗ್ಯಾರಿಸನ್ ಎಂಬ ಬಿಳಿಯ ೧೮೫೪ರ ಜುಲೈ ೪ರಂದು ಫ್ರೇಮಿಂಗ್‌ಹ್ಯಾಮ್‌ನಲ್ಲಿ ಸಂವಿಧಾನದ ಪ್ರತಿಯನ್ನು ಜನರೆದುರೇ ಸುಟ್ಟ. ಗುಲಾಮನಾಗಿ ಹುಟ್ಟಿ ಓಡಿ ಬಂದಿದ್ದ ಫ್ರೆಡರಿಕ್ ಡಗ್ಲಾಸ್ ಮೊದಲು ಗ್ಯಾರಿಸನ್ನನ ಜೊತೆಗಿದ್ದವನು, ೧೮೫೧ರಲ್ಲಿ ಬೇರೆಯಾದ. ಸಂವಿಧಾನದ ಅಕ್ಷರವನ್ನೇ ಗುಲಾಮಗಿರಿಯ ವಿರುದ್ಧ ತಿರುಗಿಸಬಹುದು, ಆ ಆಯುಧವನ್ನು ಧಣಿಗಳ ಕೈಗೆ ಬಿಟ್ಟುಕೊಡಬಾರದು ಎಂಬುದು ಅವನ ನಿಲುವು. ಅದೇ ಡಗ್ಲಾಸ್ ೧೮೫೨ರಲ್ಲಿ ರಾಚೆಸ್ಟರಿನಲ್ಲಿ ಸ್ವಾತಂತ್ರ್ಯ ದಿನದ ಭಾಷಣಕ್ಕೆ ನಿಂತು, ಈ ಹಬ್ಬ ನಿಮ್ಮದು, ನಮ್ಮದಲ್ಲ ಎಂದು ಮುಖಕ್ಕೆ ಹೇಳಿದ. ಹಬ್ಬಕ್ಕೆ ಬರಲಾರೆ, ಹಕ್ಕು ಬಿಡಲಾರೆ. ಸುಟ್ಟವನ ಸಿಟ್ಟು ನ್ಯಾಯವಾದದ್ದು. ಆದರೂ ನಾವು ಡಗ್ಲಾಸನ ಪಕ್ಕ ನಿಲ್ಲುತ್ತೇವೆ. ಮಾತನ್ನು ಬಿಟ್ಟುಕೊಟ್ಟರೆ ನಷ್ಟ ಯಾರಿಗೆ? ಧಣಿಗೆ ಆ ಮಾತು ಇಲ್ಲದೆಯೂ ಬದುಕು ಇದೆ. ಕಾಗದ ಮಾತ್ರ ಯಾರನ್ನೂ ಬಿಡಿಸಲಿಲ್ಲ ಎಂಬುದೂ ನೆನಪಿರಲಿ. ೧೮೬೫ರ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿದ್ದು ನಾಲ್ಕು ವರ್ಷದ ಯುದ್ಧದ ನಂತರ. ಆ ಯುದ್ಧದಲ್ಲಿ ಸುಮಾರು ಎರಡು ಲಕ್ಷ ಕಪ್ಪು ಜನ ಒಕ್ಕೂಟದ ಪರವಾಗಿ ಬಂದೂಕು ಹಿಡಿದಿದ್ದರು.

ಸಮುದ್ರದಾಚೆಯ ಉಸಾಬರಿ ನಮಗ್ಯಾಕೆ ಅನ್ನೋರಿಗೆ ಜೋತಿಬಾ ಫುಲೆ ಎಂದೋ ಉತ್ತರ ಕೊಟ್ಟಿದ್ದಾರೆ. ೧೮೭೩ರಲ್ಲಿ 'ಗುಲಾಮಗಿರಿ'ಯನ್ನು ಅವರು ಅರ್ಪಿಸಿದ್ದು ಕಪ್ಪು ಜನರ ಗುಲಾಮಗಿರಿ ತೊಲಗಿಸಲು ಹೋರಾಡಿದ ಅಮೆರಿಕದ ಸಜ್ಜನರಿಗೆ. ೧೭೮೭ರ ರಾಜಿಯನ್ನು ಅವರು ಕೊಂಡಾಡಲಿಲ್ಲ. ಆ ರಾಜಿಯನ್ನು ಮುರಿದವರಿಗೆ ಕೈ ಎತ್ತಿ ವಂದಿಸಿದರು. ಬಾಬಾಸಾಹೇಬರು ೧೯೧೩ರಿಂದ ೧೯೧೬ರ ತನಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ೧೯೪೬ರಲ್ಲಿ ಕಪ್ಪು ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದು ಅಸ್ಪೃಶ್ಯರ ಸ್ಥಿತಿಗೂ ಕರಿಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿದರು. ಡುಬಾಯ್ಸ್ ೧೮೬೮ರಲ್ಲಿ ಹುಟ್ಟಿದ್ದು ಬೆಟ್ ಗೆದ್ದ ಅದೇ ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ!

ಬಾಬಾಸಾಹೇಬರ ಮುಂದಾಳತನದಲ್ಲಿ ಬರೆದ ಸಂವಿಧಾನವನ್ನು ಅದರ ಪಕ್ಕ ಇಟ್ಟು ನೋಡಿ. ೧೭೮೭ರವರು ಗುಲಾಮ ಎಂಬ ಪದವನ್ನು ಬಚ್ಚಿಟ್ಟು ಗುಲಾಮಗಿರಿಯನ್ನು ಉಳಿಸಿದರು. ನಮ್ಮ ಸಂವಿಧಾನದ ೧೭ನೇ ವಿಧಿ ಅಸ್ಪೃಶ್ಯತೆ ಎಂದು ಹೆಸರು ಹಿಡಿದು ಕರೆದು ಅದನ್ನು ರದ್ದು ಮಾಡಿತು. ರೋಗದ ಹೆಸರನ್ನು ನಾಡಿನ ಮುಖ್ಯ ಗ್ರಂಥದಲ್ಲೇ ಬರೆಯುವುದು ಸಣ್ಣ ಧೈರ್ಯವಲ್ಲ. ಆದರೂ ೧೯೪೯ರ ನವೆಂಬರ್ ೨೫ರಂದು ಬಾಬಾಸಾಹೇಬರು ಸಭೆಯಲ್ಲೇ ಎಚ್ಚರಿಸಿದರು: ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ, ಈ ವಿರೋಧ ಬಹುಕಾಲ ನಡೆಯದು. ಬಿರುಕು ಇರುವುದನ್ನು ಕಟ್ಟಿದವರೇ ತೋರಿಸಿ ಹೋದರು. ಮುಚ್ಚುವವರು ಇವತ್ತು ಯಾರು ಎಂದು ನಾವು ಕೇಳಬೇಕು.

ಇನ್ನೊಂದು ಕೊಂಡಿ ಇದೆ. ೧೯೬೬ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹತ್ತು ಅಂಶಗಳ ಕಾರ್ಯಕ್ರಮ ಮುಗಿಯುವುದು ೧೭೭೬ರ ಘೋಷಣೆಯ ಮಾತುಗಳಿಂದ. ಹೌದು, ಆರುನೂರು ಗುಲಾಮರ ಒಡೆಯ ಬರೆದ ಮಾತುಗಳಿಂದಲೇ. ಜನರನ್ನು ತುಳಿಯುವ ಸರ್ಕಾರವನ್ನು ಕಿತ್ತೊಗೆಯುವ ಹಕ್ಕು ಜನರಿಗಿದೆ ಎಂದ ಆ ಮಾತನ್ನು ಅವನ ಗುಲಾಮರ ಸಂತತಿ ಅವನ ದೇಶದ ಸರ್ಕಾರದ ಮುಖಕ್ಕೇ ಹಿಡಿಯಿತು. ೧೯೭೨ರಲ್ಲಿ ಮುಂಬಯಿಯಲ್ಲಿ ನಮ್ಮ ಅಣ್ಣತಮ್ಮಂದಿರು ಅವರ ಹೆಸರನ್ನೇ ತೆಗೆದುಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು.

ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರೇ, ಅಮೆರಿಕದ ಪಾಠ ಬಂದಾಗ ವಾಷಿಂಗ್ಟನ್ನನ ಹೆಸರಿನ ಜೊತೆ ಓನಾ ಜಡ್ಜ್ ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ. ಜೆಫರ್ಸನ್ನನ ಪಕ್ಕ ಬೆಟ್ ಹೆಸರು ಬರೆಯಿರಿ. ಯಾವುದೇ ದೊಡ್ಡ ಕಾಗದ ಕಂಡಾಗ ಮೂರು ಪ್ರಶ್ನೆ ಕೇಳಲು ಮಕ್ಕಳಿಗೆ ಕಲಿಸಿ: ಬರೆಯುವಾಗ ಕೋಣೆಯೊಳಗೆ ಯಾರು ಕೂತಿದ್ದರು? ಯಾವ ಪದವನ್ನು ಬಚ್ಚಿಟ್ಟರು? ಅದರಲ್ಲಿರುವ 'ಎಲ್ಲರೂ' ಎಂಬ ಮಾತನ್ನು ನಾವು ಯಾವ ಬಾಗಿಲಿಗೆ ಹೊತ್ತುಕೊಂಡು ಹೋಗಿ ತಟ್ಟಬೇಕು? ಓದು ಬಾರದ ಬೆಟ್‌ಗೆ ಮೂರನೆಯ ಪ್ರಶ್ನೆಯ ಉತ್ತರ ಗೊತ್ತಿತ್ತು. ಓದು ಕಲಿತ ನಮಗೆ ಗೊತ್ತಿಲ್ಲ ಎಂದರೆ ನಾಚಿಕೆಗೇಡು.